ಕುಲವಿಲ್ಲದ ಅಮೀರ

ಸೊಬಾರ ಊರಿಗೆ, ಕಾಡಿನಲ್ಲಿ ಬಿಡಾರ ಹೂಡಿದ್ದ ಕೋವಿಯವರ ಅಮೀರ ಬದಲಾದ ಸುದ್ದಿ ಬಂದಾಗ ಎಲ್ಲರೂ ಒಳಗೊಳಗೇ ಖುಷಿಪಟ್ಟರು. ತೆನೆಂಬಾ ಒಬ್ಬಳು ಮಾತ್ರ ಅತ್ತಳು. ಮಡಕೆ ತಟ್ಟುತ್ತಿದ್ದವಳ ಎರಡು ಕೈಯಲ್ಲೂ ಜೇಡಿಮಣ್ಣು ಮೆತ್ತಿತ್ತು. ಮೊಣಕೈಯಿಂದ ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೂ ಕಿವಿಗೂ ಮಣ್ಣು ಬಳಿದುಕೊಂಡಳು. ಪಕ್ಕದ ಮನೆಯ ಸಿರಾ ತನ್ನ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಅವಳ ಮುಖ ಒರೆಸಿದಳು. ಒರೆಸುತ್ತಲೇ ಕೇಳಿದಳು.

"ಅಲ್ಲ ಅಕ್ಕಾ, ಆ ಕಾಡಿನವರ ಸರದಾರ ತೊಲಗಿದ್ರೆ ನೀನ್ಯಾಕೆ ಅಳ್ತೀಯಾ? ನಿನ್ನ ಅಣ್ಣನೋ ತಮ್ಮನೋ?"

"ಶುಕ್ರವಾರ ಬಿಡ್ತೀನಿ ಅಂದಿದ್ದ ಕಣೆ," ಎಂದಳು ತೆನೆಂಬಾ. "ಶುಕ್ರವಾರದ ತನಕ ಇದ್ದಿದ್ರೆ ಅವನ ಗಂಟೇನು ಹೋಗ್ತಿತ್ತು?"

ಬಿಡಬೇಕಾಗಿದ್ದದ್ದು ಅವಳ ಗಂಡ ಸುಂಗಾಲೊನನ್ನು. ಗಂಡ ಹೆಂಡತಿ ಇಬ್ಬರೂ ಕಮ್ಮಾರ ಕುಲದವರು. ಆ ಕುಲದಲ್ಲಿ ಗಂಡಸರು ಕಬ್ಬಿಣ ಬಡಿಯುತ್ತಾರೆ, ಹೆಂಗಸರು ಮಡಕೆ ತಟ್ಟುತ್ತಾರೆ. ಮಾವು ಹಣ್ಣಾಗುವ ಕಾಲದಲ್ಲಿ ಕಾಡಿನ ಹುಡುಗರು ಬಂದು, ಮೋಟಾರ್‌ಸೈಕಲ್ಲಿನ ಕಾಲುಮೆಟ್ಟು ಮುರಿದಿದೆ, ಸಂಜೆಗೆ ವಾಪಸ್ ಕಳಿಸುತ್ತೇವೆ ಎಂದು ಅವನನ್ನು ತಿದಿ ಸಮೇತ ಕರೆದುಕೊಂಡು ಹೋಗಿದ್ದರು. ಕಾಲುಮೆಟ್ಟು ಸರಿಯಾಯಿತು. ಆಮೇಲೆ ಸರಪಳಿ ಬಂತು, ಆಮೇಲೆ ಅಡುಗೆಯವನ ಸೌಟು, ಆಮೇಲೆ ಯಾರದೋ ಪೆಟ್ಟಿಗೆಯ ಬೀಗ. ಈಗ ಸಜ್ಜೆ ಕೊಯ್ಲೂ ಮುಗಿದಿತ್ತು. ಅವನಿಗೆ ಅಲ್ಲಿ ನೆರಳಿತ್ತು, ಚಾಪೆಯಿತ್ತು, ಹೊಡೆತ ಬಡಿತ ಇರಲಿಲ್ಲ. ಆದರೆ ಒಣಹಳ್ಳ ದಾಟಿ ಊರಿನ ಕಡೆ ಕಾಲಿಡುವಂತಿರಲಿಲ್ಲ. ದಾಟಿದರೆ ಗುಂಡು ಹಾರಿಸುತ್ತೇವೆ ಎಂದಿದ್ದರು. ಅವರ ಕೋವಿಗಳನ್ನು ಕೆಟ್ಟಾಗ ರಿಪೇರಿ ಮಾಡುತ್ತಿದ್ದವನೂ ಅವನೇ ಆದ್ದರಿಂದ ಅವು ಚೆನ್ನಾಗಿ ಕೆಲಸ ಮಾಡುತ್ತವೆ ಎಂಬುದು ಅವನಿಗೆ ಗೊತ್ತಿತ್ತು.

ಸುಂಗಾಲೊಗೆ ಬೆನ್ನುನೋವು. ಮದುವೆಯಾದಾಗಿನಿಂದ ದಿನಾ ಸಂಜೆ ತೆನೆಂಬಾ ಆ ಬೆನ್ನಿಗೆ ಶೀ ಮರದ ಬೀಜದಿಂದ ತೆಗೆದ ಬೆಣ್ಣೆ ತಿಕ್ಕುತ್ತಿದ್ದಳು, ಅವನು ಗೊಣಗುತ್ತಿದ್ದ. ಈಗ ಸಂಜೆ ಅವಳ ಕೈಗೆ ಕೆಲಸವಿರಲಿಲ್ಲ, ಕಿವಿಗೆ ಗೊಣಗಾಟವಿರಲಿಲ್ಲ. ಬಿಡಾರದಲ್ಲಿ ಒಬ್ಬ ದಾಂಡಿಗ ಹುಡುಗ ತಾನಾಗಿಯೇ ಬೆನ್ನು ತಿಕ್ಕಿಕೊಡಲು ಬಂದಿದ್ದನಂತೆ. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ, ಆದರೆ ಹಿಟ್ಟು ನಾದುವ ಹಾಗೆ ನಾದಿದ. ಮಾರನೆಯ ದಿನ ಸುಂಗಾಲೊಗೆ ಚಾಪೆಯಿಂದ ಏಳಲೇ ಆಗಲಿಲ್ಲ.

ಸಂತೆಯ ದಿನ ಗಂಡನಿಗೆ ಬುತ್ತಿ ಕೊಡಲು ತೆನೆಂಬಾಗೆ ಬಿಡಾರಕ್ಕೆ ಹೋಗುವ ಅನುಮತಿಯಿತ್ತು. ಹೋದಾಗಲೆಲ್ಲ ಅಮೀರನನ್ನು ಕಂಡು ಬೇಡಿಕೊಳ್ಳುತ್ತಿದ್ದಳು. ಪ್ರತಿಯೊಬ್ಬ ಅಮೀರನೂ ಮೊದಲು ಗದರಿಸುತ್ತಿದ್ದ, ಆಮೇಲೆ ಅವಳ ಬೆಂಡೆಕಾಯಿ ಸಾರು ತಿಂದು ಮೆತ್ತಗಾಗುತ್ತಿದ್ದ, ಕೊನೆಗೆ ಬಿಡುವ ದಿನ ಹೇಳುತ್ತಿದ್ದ. ಆ ದಿನ ಬರುವುದರೊಳಗೆ ಅವನೇ ಹೋಗಿಬಿಡುತ್ತಿದ್ದ.

ಅಮೀರರು ಹೀಗೆ ಉದುರುತ್ತಿದ್ದದ್ದು ಸರ್ಕಾರದ ಸೈನಿಕರಿಂದಲ್ಲ, ಗೇಲಿಯಿಂದ. ಜೊಲಿಬಾ ನದಿಯ ಆ ಸೀಮೆಯಲ್ಲಿ ಪ್ರತಿ ಕುಲಕ್ಕೂ ಒಂದು ಗೇಲಿನಂಟಿನ ಕುಲ ಇದ್ದೇ ಇರುತ್ತದೆ. ಗೇಲಿನಂಟರು ಎದುರಾದರೆ ಒಬ್ಬರನ್ನೊಬ್ಬರು ಹೀಯಾಳಿಸಲೇಬೇಕು. ಹೀಯಾಳಿಸಿಕೊಂಡವರು ಸಿಟ್ಟಾಗುವಂತಿಲ್ಲ, ತಿರುಗಿ ಹೀಯಾಳಿಸಬೇಕು. ಒಬ್ಬರ ರಕ್ತ ಇನ್ನೊಬ್ಬರು ಹರಿಸುವಂತಿಲ್ಲ. ಅವರು ಬಾಯಿಬಿಟ್ಟು ಏನಾದರೂ ಕೇಳಿದರೆ ಇಲ್ಲವೆನ್ನುವಂತಿಲ್ಲ. ಅಜ್ಜಂದಿರ ಅಜ್ಜಂದಿರು ಮಾಡಿಕೊಂಡ ಒಪ್ಪಂದ ಅದು. ಕಾಡು ಸೇರಿ ಕೋವಿ ಹಿಡಿದ ಮಾತ್ರಕ್ಕೆ ನಾಲಿಗೆ ಅದನ್ನು ಮರೆಯುತ್ತದೆಯೇ?

ಮೊದಲನೆಯ ಅಮೀರ ಕುಲಿಬಾಲಿ ಕುಲದವ. ಕುಲಿಬಾಲಿಗಳೆಂದರೆ ಹುರುಳಿಕಾಳು ತಿನ್ನುವವರು ಎಂದು ಇಡೀ ದೇಶ ಆಡಿಕೊಳ್ಳುತ್ತದೆ. ಧರ್ಮಯುದ್ಧದ ಬಗ್ಗೆ ಅವನು ಗಂಟಲು ಹರಿಯುವಂತೆ ಭಾಷಣ ಮಾಡುತ್ತಿದ್ದಾಗ ಹಿಂದಿನ ಸಾಲಿನಲ್ಲಿದ್ದ, ಗೇಲಿನಂಟಿನ ಕೇಟಾ ಕುಲದ ಹುಡುಗನೊಬ್ಬ, ಅದೆಲ್ಲ ಇರಲಿ, ಬೆಳಿಗ್ಗೆ ಎಷ್ಟು ಬಟ್ಟಲು ಕಾಳು ಮುಗಿಸಿದೆ ಎಂದು ಕೇಳಿದ. ಕೇಳಿದ ಮೇಲೆ ಉತ್ತರ ಕೊಡದಿದ್ದರೆ ಕುಲಕ್ಕೇ ಅವಮಾನ. ಅಮೀರ ಕೊಟ್ಟ. ಹುಡುಗ ಮತ್ತೆ ಅಂದ. ಭಾಷಣ ಮುಗಿಯುವ ಹೊತ್ತಿಗೆ ಹುಡುಗರು ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದರು. ಮರಳುಗಾಡಿನಲ್ಲಿದ್ದ ಹಿರಿಯರ ಮಂಡಳಿ ಅವನನ್ನು ವಾಪಸ್ ಕರೆಸಿಕೊಂಡಿತು.

ಎರಡನೆಯವನು ಬೆಟ್ಟದ ದೊಗೊನ್ ಜನದವ. ನದಿಯಂಚಿನ ಬೊಜೊ ಬೆಸ್ತರ ಹಳ್ಳಿಯನ್ನು ಹೆದರಿಸಿ ಬಾ ಎಂದು ಮಂಡಳಿ ಹೇಳಿ ಕಳಿಸಿತು. ದೊಗೊನರಿಗೆ ಬೊಜೊಗಳು ಗೇಲಿನಂಟರೆಂದು ಮಂಡಳಿಗೆ ಹೊಳೆಯಲಿಲ್ಲ. ಪಡೆ ಎರಡು ದಿನ ಬಿಟ್ಟು ಒಣಮೀನಿನ ಮೂಟೆಗಳನ್ನು ಹೊತ್ತುಕೊಂಡು ಹಾಡುತ್ತಾ ಹಿಂತಿರುಗಿತು. ಮೂರನೆಯವನು ತ್ರಾವೊರೆ ಕುಲದವ, ಅವನ ಮೋಟಾರ್‌ಸೈಕಲ್ ಓಡಿಸುವವನು ಗೇಲಿನಂಟಿನ ಜಾರಾ ಕುಲದವ. ಜಾರಾ ಮೊದಲು ಅವನ ಚಪ್ಪಲಿ ಕೇಳಿದ. ಆಮೇಲೆ ಮುಂಡಾಸು ಕೇಳಿದ, ಆಮೇಲೆ ಮೋಟಾರ್‌ಸೈಕಲ್ಲನ್ನೇ ಕೇಳಿದ. ಮಂಡಳಿಯ ದೂತ ಬಂದಾಗ ಅಮೀರ ಬರಿಗಾಲಲ್ಲಿ ಬೋಳುತಲೆ ಕೆರೆದುಕೊಳ್ಳುತ್ತಾ ಕುಳಿತಿದ್ದ. ಸುಂಗಾಲೊನನ್ನು ಶುಕ್ರವಾರ ಬಿಡುತ್ತೇನೆ ಎಂದವನು ಅವನೇ.

ಮಂಡಳಿಗೆ ಸಾಕಾಗಿ ಹೋಯಿತು. ಈ ಗೇಲಿ ಎಲ್ಲ ಅನಾಗರಿಕರ ಪದ್ಧತಿ, ಇನ್ನು ಮುಂದೆ ನಿಷಿದ್ಧ ಎಂದು ಅಪ್ಪಣೆ ಹೊರಡಿಸಿತು. ಜೊತೆಗೆ ನಾಲ್ಕನೆಯ ಅಮೀರನನ್ನು ಕಳಿಸಿತು. ಅವನು ಕಣ್ಣು ಎರಡು ಬಿಟ್ಟು ಮುಖಕ್ಕೆಲ್ಲ ಕಪ್ಪು ಮುಂಡಾಸು ಸುತ್ತಿಕೊಂಡಿದ್ದ. ಮೂಗಿನೊಳಗಿಂದ ಗಂಭೀರವಾಗಿ ಮಾತನಾಡುತ್ತಿದ್ದ. ನನ್ನ ಹೆಸರು ಅಬೂ ನಸೀಮ್, ನನಗೆ ಕುಲವಿಲ್ಲ, ಊರಿಲ್ಲ, ಗೇಲಿ ಮಾಡಿದವರು ಯಾರೇ ಆಗಲಿ ಊರಬಾವಿಯಿಂದ ಬಿಡಾರಕ್ಕೆ ನೀರು ಹೊರಬೇಕು, ನಿಯಮ ಎಲ್ಲರಿಗೂ ಒಂದೇ ಎಂದ.

ಮೊದಮೊದಲು ಬಿಡಾರದಲ್ಲಿ ನೀರೋ ನೀರು. ಹುಡುಗರು ದಿನಕ್ಕೆ ಎರಡು ಸಲ ಸ್ನಾನ ಮಾಡಿದರು, ಬಟ್ಟೆ ಒಗೆದರು, ಅಡುಗೆಯ ಬಾಕರಿ ಈರುಳ್ಳಿ ನೆಟ್ಟ. ಆಮೇಲೆ ಗೇಲಿ ನಿಂತಿತು. ಮಾತೂ ನಿಂತಿತು. ಚಹಾ ಕಾಯಿಸಿದರೂ ವಾಡಿಕೆಯ ಮೂರನೆಯ ಲೋಟದ ತನಕ ಯಾರೂ ಕೂರುತ್ತಿರಲಿಲ್ಲ. ಅಮೀರನ ಕುಲ ಯಾವುದೆಂದು ಒಳಗೊಳಗೇ ಜಗಿಯುವ ಕೋಲಾ ಬೀಜ ಪಣಕ್ಕಿಟ್ಟು ಬಾಜಿ ಮಾತ್ರ ನಡೆಯುತ್ತಿತ್ತು. ಹುರುಳಿ ತಿಂದರೆ ಕುಲಿಬಾಲಿ ಅಂದುಕೊಂಡಾರೆಂದು ಅವನು ಹುರುಳಿ ಮುಟ್ಟುತ್ತಿರಲಿಲ್ಲ, ಮೀನು ತಿಂದರೆ ಬೊಜೊ ಎಂದಾರೆಂದು ಮೀನೂ ಇಲ್ಲ. ಹಾಲು ಕೊಟ್ಟರೆ ಬೇಡವೆಂದು ಮುಖ ತಿರುಗಿಸುತ್ತಿದ್ದ. ಮುದ್ದೆಯೊಂದನ್ನೇ, ಅದನ್ನೂ ಮರದ ಕಡೆ ತಿರುಗಿ ತಿನ್ನುತ್ತಿದ್ದ. ಒಣಗಿ ಕಡ್ಡಿಯಾಗಿದ್ದ.

ತೆನೆಂಬಾ ಅವನ ಮುಂದೆ ಬುಟ್ಟಿ ಇಳಿಸಿ, ಹಿಂದಿನ ಅಮೀರರು ಶುಕ್ರವಾರ ಬಿಡುತ್ತೇನೆ ಎಂದಿದ್ದರು ಎಂದಳು.

"ಹಿಂದಿನವರ ಮಾತು ಹಿಂದಿನವರ ಜೊತೆ ಹೋಯ್ತು, ಅಜ್ಜಿ."

"ಅದಕ್ಕೂ ಹಿಂದಿನವರು ಮಾತು ಕೊಟ್ಟು ಹೋದಾಗ್ಲೂ ಆಮೇಲೆ ಬಂದವರು ಹೀಗೇ ಅಂದಿದ್ರು."

"ಹೇಗೆ?"

"ನೀವೀಗ ಅಂದ್ರಲ್ಲ, ಹಾಗೆ."

ಅಮೀರ ಬಗ್ಗಿ, ಅವಳು ಕುಳಿತಿದ್ದ ಚಾಪೆಯ ತುದಿ ಹಿಡಿದು, ಅವಳ ಸಮೇತ ನೆರಳಿಗೆ ಎಳೆದ. ಬಿಸಿಲು ಅವಳ ಕಾಲಿಗೆ ಬರುತ್ತಿದ್ದದ್ದನ್ನು ಅವಳೇ ಗಮನಿಸಿರಲಿಲ್ಲ. ಯೋಚಿಸುತ್ತೇನೆ ಎಂದಷ್ಟೇ ಹೇಳಿ ಎದ್ದುಹೋದ.

ಹೋಗಿ ಬಿಡಾರದ ಅಂಚಿನಲ್ಲಿ, ಅಡುಗೆಯವನ ಮುದಿ ಹಸು ಮೇಯುತ್ತಿದ್ದ ಕಡೆ ನಿಂತ. ಯಾರೂ ನೋಡುತ್ತಿಲ್ಲ ಎಂದುಕೊಂಡಿರಬೇಕು. ಕೋವಿಯನ್ನು ನೆಲಕ್ಕೂರಿ ಅದರ ಮೇಲೆ ಮೈಭಾರ ಬಿಟ್ಟು, ಒಂದು ಪಾದವನ್ನು ಎತ್ತಿ ಇನ್ನೊಂದು ಮೊಣಕಾಲಿಗೆ ಆನಿಸಿ, ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ಹಾಯಾಗಿ ನಿಂತುಕೊಂಡ. ತೆನೆಂಬಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹಾಗೆ ನಿಲ್ಲುವವರು ಈ ಭೂಮಿಯ ಮೇಲೆ ಒಬ್ಬರೇ, ದನ ಕಾಯುವ ಫುಲಾನಿಗಳು. ಫುಲಾನಿಗಳ ಗೇಲಿನಂಟರು ಯಾರೆಂದರೆ ಕಮ್ಮಾರರು.

ಓಡಿಹೋಗಿ ಗಂಡನಿಗೆ ಹೇಳಿದಳು. ಸುಂಗಾಲೊ ತಿದಿ ಒತ್ತುವುದನ್ನು ನಿಲ್ಲಿಸಲೂ ಇಲ್ಲ.

"ಬಂದ ದಿನವೇ ಗೊತ್ತು. ಆ ಹಸುವಿನ ಕಿವಿ ಹಿಂದೆ ಕೆರೀತಾ ಕಷ್ಟ ಸುಖ ಹೇಳ್ಕೊತಾನೆ."

"ಗೊತ್ತಿದ್ದೂ ಬಾಯಿ ಬಿಡಲಿಲ್ವಾ ನೀವು?"

"ಬಿಟ್ರೆ ಇವನನ್ನೂ ತೆಗೀತಾರೆ. ಇನ್ನೊಬ್ಬ ಬರ್ತಾನೆ. ಅವನಿಗೆ ನನ್ನ ಬೆನ್ನುನೋವನ್ನ ಮೊದಲಿಂದ ವಿವರಿಸ್ಬೇಕು. ನಾಲ್ಕು ಸಲ ಆಯ್ತು ಕಣೆ, ನನ್ನ ಕೈಲಾಗಲ್ಲ."

ತೆನೆಂಬಾ ದಾರಿಯುದ್ದಕ್ಕೂ ಯೋಚಿಸಿದಳು. ಗಂಡ ಹೇಳಿದ್ದರಲ್ಲಿ ಅರ್ಥವಿತ್ತು. ಕುಲ ಬಯಲಾದರೆ ಅಮೀರ ಹೋಗುತ್ತಾನೆ, ಅವನ ಜೊತೆ ಅವನ ಮಾತೂ ಹೋಗುತ್ತದೆ. ಸುಳ್ಳು ಹೇಳಿ ಬಂದವನೆಂದು ಹಿರಿಯರು ಅವನಿಗೆ ಏನು ಮಾಡುತ್ತಾರೋ. ಯಾರ ಮನೆಯ ಮೊಮ್ಮಗನೋ, ಚಾಪೆ ನೆರಳಿಗೆಳೆದ ಹುಡುಗ. ಆದ್ದರಿಂದ ಗುಟ್ಟಾಗಿ ಆಗಬೇಕು. ಕಿವಿಯಲ್ಲಿ ಒಂದೇ ಒಂದು ಗೇಲಿ, ಆಮೇಲೆ ಒಂದೇ ಒಂದು ಬೇಡಿಕೆ. ಅವನು ಇಲ್ಲವೆನ್ನುವಂತಿಲ್ಲ. ಯಾರಿಗೂ ತಿಳಿಯುವುದಿಲ್ಲ. ಅವನು ಅಮೀರನಾಗಿಯೇ ಇರಲಿ, ಸುಂಗಾಲೊ ಮನೆಗೆ ಬರಲಿ.

ಮುಂದಿನ ಸಂತೆಯ ದಿನ ಸಜ್ಜೆ ನುಚ್ಚಿಗೆ ಹುಳಿಮಜ್ಜಿಗೆ ಕಲಸಿ ಸೋರೆಬುರುಡೆಯ ಬಟ್ಟಲಲ್ಲಿ ತುಂಬಿಕೊಂಡು ಹೋದಳು. ಊಟದ ಹೊತ್ತು. ಹುಡುಗರೆಲ್ಲ ಮರದಡಿ ಬಾಯಿಗೆ ಬೀಗ ಹಾಕಿಕೊಂಡು ತಿನ್ನುತ್ತಿದ್ದರು. ಅಮೀರ ದೂರದಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ. ತೆನೆಂಬಾ ಅವನ ಪಕ್ಕ ಮಂಡಿಯೂರಿ ಬಟ್ಟಲು ಇಟ್ಟು, ಬಡಿಸುವ ನೆಪದಲ್ಲಿ ಕಿವಿಯ ಹತ್ತಿರ ಬಗ್ಗಿದಳು.

"ಕುಡಿಯೋ, ಹಸುವಿನ ಬಾಲ ಹಿಡ್ಕೊಂಡು ಹುಟ್ಟಿದವನೇ. ನಿನ್ನನ್ನೂ ನಿನ್ನ ಕೋಲನ್ನೂ ಪಕ್ಕಪಕ್ಕ ನಿಲ್ಲಿಸಿದ್ರೆ ಯಾರ ಹಿಂದೆ ಹೋಗ್ಬೇಕು ಅಂತ ದನಕ್ಕೇ ಗೊತ್ತಾಗಲ್ಲ."

ಅಮೀರ ಕಲ್ಲಾದ. ಕೆಲಸ ಕೆಟ್ಟಿತು ಎಂದುಕೊಂಡಳು ತೆನೆಂಬಾ. ಅಷ್ಟರಲ್ಲಿ ಅವನ ಎದೆಯೊಳಗಿಂದ, ಮೂಗಿನಿಂದಲ್ಲ, ತಿಂಗಳುಗಟ್ಟಲೆ ಕಟ್ಟಿ ನಿಂತಿದ್ದ ಏನೋ ಒಂದು ಕಟ್ಟೆಯೊಡೆದು ಬಂತು. ಇಡೀ ಬಿಡಾರಕ್ಕೆ ಕೇಳುವಂತೆ ಅವನು ಕೂಗಿ ಹೇಳಿದ.

"ಥೂ ಮಸಿಮೂತಿ ಮುದುಕಿ, ನೀನು ಮಾಡಿದ ಮಡಕೇಲಿ ನೀರೂ ನಿಲ್ಲಲ್ಲ, ನಿನ್ನ ಬಾಯಲ್ಲಿ ಮಾತೂ ನಿಲ್ಲಲ್ಲ. ನಿನ್ನ ಗಂಡನಿಗೆ ತಿದಿ ಯಾಕೆ ಬೇಕು? ಅವನೊಂದು ಗೊರಕೆ ಹೊಡೆದ್ರೆ ಮೂರೂರಿನ ಒಲೆ ಹತ್ಕೊಳ್ಳುತ್ತೆ."

"ಮೆಲ್ಲಗೆ ಕಣೋ," ಎಂದು ತೆನೆಂಬಾ ಪಿಸುಗುಟ್ಟಿದಳು. ಅವನು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅತ್ತ ಕುಲುಮೆಯ ಬಳಿ ಸುಂಗಾಲೊ ಎದ್ದುನಿಂತಿದ್ದ. ನಿಮ್ಮ ಅಜ್ಜ ಸಂತೆಯಲ್ಲಿ ಹೆಂಡತಿಯನ್ನು ಮರೆತು ಕರುವನ್ನು ಹೊತ್ತುಕೊಂಡು ಬಂದವನಲ್ಲವೇ ಎಂದು ಅಲ್ಲಿಂದಲೇ ಕೇಳಿದ. ಹೌದು, ಕರು ಬೆನ್ನುನೋವು ಅಂತ ಗೊಣಗೋದಿಲ್ಲ ಎಂದು ಉತ್ತರ ಬಂತು. ಮರದಡಿಯಲ್ಲಿ ಯಾರೋ ಮೊದಲು ಕೆಮ್ಮಿದರು, ಆಮೇಲೆ ಕಿಸಕ್ಕೆಂದರು. ಒಬ್ಬ ಕೇಟಾ ಪಕ್ಕದ ಕುಲಿಬಾಲಿಯ ತಟ್ಟೆ ಇಣುಕಿ ನೋಡಿ ಕಾಳಿನ ಮಾತು ತೆಗೆದ. ಜಾರಾ ಎದ್ದು ಒಬ್ಬ ತ್ರಾವೊರೆಯ ಟೋಪಿ ಕೇಳಿದ. ಒಂದು ಗಳಿಗೆಯಲ್ಲಿ ಮದುವೆ ಮನೆಯ ಗದ್ದಲ. ಅಮೀರ ನಕ್ಕು ನಕ್ಕು ಹಿಂದಕ್ಕೆ ಬಿದ್ದ, ಮುಂಡಾಸು ಕಳಚಿತು. ಒಳಗಿದ್ದದ್ದು ಮುಂದಿನ ಹಲ್ಲುಗಳ ನಡುವೆ ಸಂದಿಯಿದ್ದ, ಮೀಸೆ ಸರಿಯಾಗಿ ಮೂಡದ, ಕಣ್ಣೀರು ಸುರಿಯುವಂತೆ ನಗುತ್ತಿದ್ದ ಒಂದು ಮುಖ.

ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಆದದ್ದೇನೆಂದು ಎಲ್ಲರಿಗೂ ಹೊಳೆಯಿತು.

"ನನ್ನ ನಿಜವಾದ ಹೆಸರು ಹಮ್ಮದಿ ಜಾಲೋ," ಎಂದ ಅಮೀರ, ನೆಲದ ಮೇಲೆಯೇ ಕುಳಿತು. ಕಣ್ಣೊರೆಸಿಕೊಂಡ. "ನಮ್ಮ ಮನೆ ಹಿಂದೆ ಒಬ್ಬಳು ಕಮ್ಮಾರಜ್ಜಿ ಇದ್ಲು. ಬೆಳಿಗ್ಗೆ ಎದ್ದ ತಕ್ಷಣ ಬೈತಿದ್ಲು. ಯಾರೂ ಬೈಯದೇ ಎಷ್ಟು ದಿನ ಆಗಿತ್ತು."

ತೆನೆಂಬಾಗೆ ಪಾಪ ಅನಿಸಿತು. ಆದರೂ ಬಂದ ಕೆಲಸ ಬಿಡುವ ಹೆಂಗಸಲ್ಲ ಅವಳು.

"ನನ್ನ ಗಂಡನ್ನ ಕೊಡು, ಜಾಲೋ."

"ಕೊಟ್ಟೆ. ನೀನು ಕೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ? ಆದ್ರೆ ನಾನಿನ್ನೂ ಅಮೀರ ಹೌದೋ ಅಲ್ವೋ, ಅದೇ ಗೊತ್ತಾಗ್ತಿಲ್ಲ."

ಇದರ ಮೇಲೆ ಹುಡುಗರಲ್ಲಿ ಚರ್ಚೆಯಾಯಿತು. ಕುಲವಿಲ್ಲದವನೆಂದು ನೇಮಿಸಿದ್ದು, ಕುಲ ಸಿಕ್ಕಿತು, ಆದ್ದರಿಂದ ಅಮೀರಗಿರಿ ಹೋಯಿತು ಎಂದರು ಕೆಲವರು. ಮಂಡಳಿಯ ದೂತ ಬಂದು ಹೇಳುವ ತನಕ ಅಮೀರನೇ ಎಂದರು ಇನ್ನು ಕೆಲವರು. ಒಬ್ಬ ಆಗಲೇ ಫೋನ್ ಹಿಡಿದುಕೊಂಡು ಸಿಗ್ನಲ್ ಸಿಗುವ ಗುಡ್ಡದ ಕಡೆ ಓಡಿದ್ದ. ಅವನು ಸುದ್ದಿ ಮುಟ್ಟಿಸಿದರೆ ಅಮೀರ ಕೊಟ್ಟ ಮಾತೂ ಮುಗಿಯಿತು. ತೆನೆಂಬಾ ಗಂಡನ ಕೈ ಹಿಡಿದುಕೊಂಡು ಹೊರಟೇಬಿಟ್ಟಳು. ಹಳ್ಳದ ಕಾವಲಿನವನು ಅಡ್ಡ ನಿಂತ. ಅವನು ಕೆಟ್ಟವನಲ್ಲ. ಸರಿಯಾದ ಅಪ್ಪಣೆಯಿಲ್ಲದೆ ಬಿಟ್ಟರೆ ನನ್ನ ತಲೆ ಹೋಗುತ್ತದೆ ಎಂದು ದೈನ್ಯದಿಂದ ಹೇಳಿದ.

ಆಗ ಹಮ್ಮದಿ ಎದ್ದುನಿಂತ. ಮುಂಡಾಸು ಸುತ್ತಿಕೊಳ್ಳಲಿಲ್ಲ, ಹೆಗಲ ಮೇಲೆ ಹಾಕಿಕೊಂಡ.

"ನನ್ನ ನಿಯಮ ಇನ್ನೂ ಇದೆ ತಾನೇ? ಗೇಲಿ ಮಾಡಿದವರೆಲ್ಲ ನೀರಿಗೆ ಹೊರಡಿ. ಕಮ್ಮಾರನೂ ಮಾಡಿದ್ದಾನೆ, ಅವನೂ ಹೊರಬೇಕು. ನಾನೂ ಮಾಡಿದ್ದೀನಿ."

ಇದಕ್ಕೆ ಯಾರೂ ಎದುರಾಡುವಂತಿರಲಿಲ್ಲ. ನೀರಿಗೆ ಹೋಗಬೇಕೆಂದರೆ ಹಳ್ಳ ದಾಟಲೇಬೇಕು, ಬಾವಿ ಇದ್ದದ್ದು ಊರಿನಲ್ಲಿ. ಕಾವಲಿನವನೂ ಗೇಲಿ ಮಾಡಿದವನೇ, ಅವನೂ ಬಂದ. ಎರಡು ಕೈಗೂ ಮಡಕೆ ಬೇಕಾದ್ದರಿಂದ ಕೋವಿಗಳನ್ನೆಲ್ಲ ಮರಕ್ಕೆ ಒರಗಿಸಿಟ್ಟರು. ಉಳಿದವನು ಅಡುಗೆಯ ಬಾಕರಿ ಒಬ್ಬನೇ. ಅವನು ಒನಕೆ ಹಿಡಿದು ಸಜ್ಜೆ ಕುಟ್ಟುತ್ತಿದ್ದರಿಂದ ಯಾವುದೂ ಕೇಳಿಸಿರಲಿಲ್ಲ. ಅವನ ಮುದಿ ಹಸು ಮಾತ್ರ ಹಮ್ಮದಿಯ ಹಿಂದೆ ತಾನೂ ಹೊರಟಿತು.

ಪವಿತ್ರ ಯುದ್ಧದ ಇಡೀ ಪಡೆ ತಲೆಯ ಮೇಲೆ ಮಡಕೆ ಹೊತ್ತು ಸಾಲಾಗಿ ಬರುವುದನ್ನು ನೋಡಿ ಬಾವಿಕಟ್ಟೆಯ ಹೆಂಗಸರು ಮೊದಲು ಹೆದರಿದರು. ಆಮೇಲೆ ಮಡಕೆ ಇಟ್ಟುಕೊಂಡ ರೀತಿ ನೋಡಿ ಬಿದ್ದು ಬಿದ್ದು ನಕ್ಕರು. ಸಿರಾ ಒಬ್ಬನಿಗೆ ತನ್ನ ತಲೆಯ ಸಿಂಬಿ ತೆಗೆದುಕೊಟ್ಟಳು. ಇನ್ನೊಬ್ಬನ ತಾಯಿ ಅಲ್ಲೇ ನೀರು ಸೇದುತ್ತಿದ್ದಳು. ಅವಳು ಮಗನ ಕೈಯಿಂದ ಮಡಕೆ ಇಸಿದುಕೊಂಡು ಮನೆಯ ದಾರಿ ಹಿಡಿದಳು. ಮಡಕೆ ಬೇಕಲ್ಲ, ಅವನೂ ಹಿಂದೆಯೇ ಹೋದ. ಹಗ್ಗ ತರುತ್ತೇನೆ ಎಂದು ಹೋದವರು ಕೆಲವರು, ಒಂದು ಗುಟುಕು ಚಹಾ ಕುಡಿದು ಬರುತ್ತೇನೆ ಎಂದವರು ಕೆಲವರು. ನೀರು ತುಂಬಿಸಿಕೊಂಡು ಬಿಡಾರಕ್ಕೆ ವಾಪಸ್ ಹೋದವರೂ ಇದ್ದರು. ಅವರು ಬಹಳ ಮಂದಿ ಇರಲಿಲ್ಲ.

ಸುಂಗಾಲೊ ತುಂಬಿದ ಮಡಕೆ ಹೊತ್ತು ನೆಟ್ಟಗೆ ಮನೆಗೆ ಬಂದ. ಬಂದವನೇ ಕುಲುಮೆಯ ಮನೆಯೊಳಗೆ ಇಣುಕಿ, ಹಳೆಯ ತಿದಿಯ ಚರ್ಮ ಇಲಿ ಕಡಿದಿದೆ, ನೀನು ನೋಡಬಾರದಿತ್ತಾ ಎಂದು ಗೊಣಗಿದ. ಕಿವಿಗೆ ಜೇನು ಸುರಿದಂತಾಯಿತು ತೆನೆಂಬಾಗೆ.

ಹಮ್ಮದಿ ಬಾವಿಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ಬಿಡಾರಕ್ಕೆ ಹೋದರೆ ಮಂಡಳಿ, ಮನೆ ಎಷ್ಟೋ ದೂರ. ತೆನೆಂಬಾ ವಾಪಸ್ ಬಂದು ಅವನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು. ಫುಲಾನಿಗಳೆಲ್ಲ ಹುಟ್ಟಾ ಕಮ್ಮಾರರ ಆಳುಗಳಲ್ಲವೇ, ಆಳು ಹೀಗೆ ಕೂತಿದ್ದರೆ ಹಸು ಮೇಯಿಸುವವರು ಯಾರು ಎಂದು ಜೋರು ಮಾಡಿದಳು. ಅವನು ಎದ್ದು ಹಿಂದೆ ಬಂದ. ಹಸುವೂ ಬಂತು.

ಮಾರನೆಯ ದಿನ ಬೆಳಿಗ್ಗೆ ಮೂವರೂ ಅಂಗಳದಲ್ಲಿ ಗಂಜಿ ಕುಡಿಯಲು ಕೂತಿದ್ದಾಗ ಮೋಟಾರ್‌ಸೈಕಲ್ ಸದ್ದು ಕೇಳಿಸಿತು. ಸುಂಗಾಲೊ ತಲೆಯೆತ್ತಿ, ಕಾರ್ಬುರೇಟರ್ ಸರಿಯಿಲ್ಲ ಎಂದ. ತೆನೆಂಬಾ ಅವನನ್ನು ಧಾನ್ಯದ ಕಣಜದೊಳಗೆ ತಳ್ಳಿ ಬಾಗಿಲು ಮುಚ್ಚಿದಳು. ಹಮ್ಮದಿಗೆ ಓಡಲು ಸಮಯವಿರಲಿಲ್ಲ. ಅವನು ಹಸುವಿನ ಪಕ್ಕ ಹೋಗಿ ಕೋಲೂರಿ ಒಂಟಿಕಾಲಲ್ಲಿ ನಿಂತ.

ಬಂದವನು ಮಂಡಳಿಯ ದೂತ. ವಯಸ್ಸಾದವನು, ಹೆಗಲಲ್ಲಿ ಕೋವಿ, ಗಡ್ಡದ ತುಂಬ ಕೆಂಪು ಧೂಳು. ಅಬೂ ನಸೀಮ್ ಎಲ್ಲಿ, ಕಮ್ಮಾರ ಎಲ್ಲಿ ಎಂದು ಕೇಳಿದ. ತೆಗೆದುಹಾಕಿದ ಅಮೀರ ಕೊಟ್ಟ ಬಿಡುಗಡೆ ನಡೆಯುವುದಿಲ್ಲ, ಕಮ್ಮಾರನನ್ನು ವಾಪಸ್ ಕರೆದೊಯ್ಯುತ್ತೇನೆ ಎಂದ. ಯಾವ ಕಡೆ ಹೋದರೋ ನನಗೇನು ಗೊತ್ತು, ಮನೆಗಂತೂ ಬಂದಿಲ್ಲ ಎಂದಳು ತೆನೆಂಬಾ. ದೂತ ನೀರು ಕೇಳಿದ. ಕೊಟ್ಟಳು. ಕುಡಿಯುತ್ತಾ ಅವನು ಹಮ್ಮದಿಯನ್ನು ನೋಡಿದ.

"ಇವನ್ಯಾರು?"

ಅಬೂ ನಸೀಮನ ಮುಖವನ್ನು ದೂತ ಎಂದೂ ಕಂಡಿರಲಿಲ್ಲ. ಆದರೆ ದನಿ ಕೇಳಿದ್ದ. ತೆನೆಂಬಾ ಸರಸರನೆ ಹೋಗಿ ನಿನ್ನೆಯ ತಂಗಳು ಮುದ್ದೆಯ ದೊಡ್ಡ ಉಂಡೆಯೊಂದನ್ನು ಹಮ್ಮದಿಯ ಬಾಯಿಗೆ ತುರುಕಿದಳು.

"ನಮ್ಮ ದನ ಕಾಯೋನು. ಫುಲಾನಿ. ಸೋಮಾರಿ, ಹಾಲುಕಳ್ಳ. ತಿನ್ನೋದೊಂದು ಬಿಟ್ರೆ ಇನ್ನೇನೂ ಬರಲ್ಲ ಅವನಿಗೆ."

ಹಮ್ಮದಿಯ ಕಣ್ಣು ಅರಳಿದವು, ಕೆನ್ನೆ ಉಬ್ಬಿದವು. ಉತ್ತರ ಗಂಟಲ ತನಕ ಬಂದು ಮುದ್ದೆಗೆ ಡಿಕ್ಕಿ ಹೊಡೆದು ನಿಂತದ್ದು ತೆನೆಂಬಾಗೆ ಕಾಣುತ್ತಿತ್ತು. ದೂತ ಅವನನ್ನೇ ದಿಟ್ಟಿಸಿದ. ಲೋಟ ಕೆಳಗಿಟ್ಟ. ಎದ್ದು ಹತ್ತಿರ ಬಂದು ಸುತ್ತಲೂ ನಡೆದು ನೋಡಿದ.

"ಕಮ್ಮಾರರ ಹೆಂಗಸು ಎದುರಿಗೇ ಬೈತಿದ್ದಾಳೆ," ಎಂದ ಮೆಲ್ಲಗೆ, ನಂಬಲಾರದವನಂತೆ. "ಫುಲಾನಿ ಹುಡುಗ ತುಟಿ ಪಿಟಕ್ಕೆನ್ನಲಿಲ್ಲ. ಇಷ್ಟು ವರ್ಷದಲ್ಲಿ ಇಂಥವನನ್ನ ನಾನು ನೋಡಿಲ್ಲ. ತಾಯಿ, ನಿಜ ಹೇಳ್ತೀನಿ, ನಾನು ಸುಸ್ತಾಗಿದ್ದೀನಿ. ನಾಲ್ಕು ಜನ ಆದ್ರು. ಈಗ ಬಿಡಾರದಲ್ಲಿ ಹೇಳಿಕೊಳ್ಳೋ ಹಾಗೆ ಇರೋನು ಅಡುಗೆಯವನೊಬ್ಬ, ಅವನೂ ಕುಲಿಬಾಲಿ. ಈ ಹುಡುಗನ್ನ ನನ್ನ ಜೊತೆ ಕಳಿಸು. ಅಮೀರ ಆಗೋಕೆ ಇವನೇ ಸರಿ."

ಹುಡುಗ ಬಾಯಿ ತೆರೆದರೆ ದನಿಯ ಗುರುತು ಸಿಕ್ಕೀತು. ಆಮೇಲೆ ಮನೆ ಜಾಲಾಡುತ್ತಾರೆ, ಕಣಜ ತೆರೆಯುತ್ತಾರೆ. ಬಾಯಿ ತೆರೆಯದಿದ್ದರೆ ಮತ್ತೆ ಅಮೀರನಾಗಿ ಹೋಗುತ್ತಾನೆ, ಮತ್ತೆ ಮುಂಡಾಸು, ಮತ್ತೆ ಮರದ ಕಡೆ ತಿರುಗಿ ಊಟ. ದೂತ ಆಗಲೇ ಅವನ ತೋಳು ಹಿಡಿದಿದ್ದ. ತೆನೆಂಬಾ ಹುಡುಗನ ಮುಖ ನೋಡಿದಳು. ನಿನ್ನೆ ನೆಲದ ಮೇಲೆ ಉರುಳಾಡಿ ನಕ್ಕವನ ದನಿಗೂ ಮೂಗಿನಿಂದ ಮಾತಾಡುತ್ತಿದ್ದವನ ದನಿಗೂ ಏನಾದರೂ ಹೋಲಿಕೆ ಇತ್ತೇ ಎಂದು ನೆನಪಿಸಿಕೊಂಡಳು. ಇರಲಿಲ್ಲ.

"ನುಂಗೋ," ಎಂದಳು. "ನುಂಗಿ ಉತ್ತರ ಕೊಡೋ, ಕೊಕ್ಕರೆಕಾಲಿನವನೇ. ಇಲ್ಲಾಂದ್ರೆ ನಿಮ್ಮಜ್ಜಿ ಹಾಲಿಗೆ ನೀರು ಬೆರೆಸ್ತಿದ್ದದ್ದು ನಿಜ ಅಂತ ಊರೆಲ್ಲ ಹೇಳ್ಕೊಂಡು ಬರ್ತೀನಿ."

ಹಮ್ಮದಿ ನುಂಗಿದ. ಗಂಟಲಲ್ಲಿ ಉಂಡೆ ಇಳಿದದ್ದು ಹೊರಗಿನಿಂದ ಕಾಣಿಸಿತು. ಆಮೇಲೆ ಶುರುಮಾಡಿದ. ತೆನೆಂಬಾಳ ಮಡಕೆಗಳಿಂದ ಆರಂಭಿಸಿ, ಅವಳ ಕಿವಿಗಳಿಗೆ ಬಂದು, ಅವಳ ಮುತ್ತಜ್ಜ ಸುತ್ತಿಗೆ ಕಳೆದುಕೊಂಡು ಹಣೆಯಿಂದ ಕಬ್ಬಿಣ ಬಡಿದ ಪ್ರಸಂಗವನ್ನು ಹೊಸದಾಗಿ ಕಟ್ಟಿ, ನಡುನಡುವೆ ತಾನೇ ನಕ್ಕು, ಉಸಿರು ತೆಗೆದುಕೊಳ್ಳದೆ ಸುರಿಸಿದ. ತೆನೆಂಬಾ ಸುಮ್ಮನಿರುವಳೇ? ಅವಳೂ ಸೇರಿಕೊಂಡಳು. ಬೇಲಿಯಾಚೆಯಿಂದ ಸಿರಾ ಒಂದೆರಡು ಮಾತು ಎಸೆದಳು. ಹಸು ಕೂಡ ಒಮ್ಮೆ ಕೂಗಿತು.

ದೂತ ಎರಡು ಕಿವಿಯನ್ನೂ ಮುಚ್ಚಿಕೊಂಡ. ಅವನ ಮುಖದಲ್ಲಿ ಆಸೆ ಇದ್ದಷ್ಟು ಹೊತ್ತು ಸ್ವಲ್ಪ ಕಳೆಯಿತ್ತು, ಅದೂ ಹೋಯಿತು.

"ಇವನೂ ಅಷ್ಟೇ," ಎಂದು ಗೊಣಗಿ ಮೋಟಾರ್‌ಸೈಕಲ್ ಹತ್ತಿದ.

ಅದು ಹತ್ತಿಕೊಳ್ಳಲಿಲ್ಲ. ಒದ್ದ. ಕೆಮ್ಮಿತು. ಮತ್ತೆ ಒದ್ದ. ಎಳೆ ಮಗುವಿಗೆ ನಾಯಿಕೆಮ್ಮು ಬಂದ ಹಾಗೆ ಅದು ಕೆಮ್ಮುತ್ತಲೇ ಇತ್ತು. ತೆನೆಂಬಾ ಕಣಜದ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟಳು. ಒಳಗೆ ಕುಳಿತವನಿಗೆ ಆ ಸದ್ದನ್ನು ಸಹಿಸಲು ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ದೇವರೇ, ಇನ್ನೊಂದೇ ಒದೆಗೆ ಹತ್ತಿಕೊಳ್ಳಲಿ ಎಂದು ಬೇಡಿಕೊಂಡಳು.

"ಚೋಕ್ ಎಳೆಯೋ ಮಾರಾಯ," ಎಂದಿತು ಕಣಜ. "ಒದ್ದು ಒದ್ದು ಅದನ್ನ ಸಾಯಿಸ್ಬೇಡ."

ದೂತ ನಿಧಾನವಾಗಿ ತಲೆಯೆತ್ತಿದ. ಕಣಜವನ್ನು ನೋಡಿದ. ಚಾಪೆಯ ಮೇಲೆ ಅರ್ಧ ಕುಡಿದಿಟ್ಟ ಮೂರು ಗಂಜಿ ಬಟ್ಟಲುಗಳಿದ್ದವು, ಅವನ್ನು ನೋಡಿದ. ಅವುಗಳ ಪಕ್ಕದಲ್ಲಿ ಶೀ ಬೆಣ್ಣೆಯ ಪುಟ್ಟ ಕುಡಿಕೆ ಬಾಯಿ ತೆರೆದುಕೊಂಡಿತ್ತು. ಅದನ್ನು ಬಹಳ ಹೊತ್ತು ನೋಡಿದ. ಕೈ ತಾನಾಗಿಯೇ ಹಿಂದಕ್ಕೆ ಹೋಗಿ ಸೊಂಟ ಒತ್ತಿಕೊಂಡಿತು. ಅವನ ಮನೆಯೂ ಮರಳುಗಾಡಿನಲ್ಲಿ ಎಲ್ಲೋ ಇದ್ದಿರಬೇಕು.

ಚೋಕ್ ಎಳೆದು ಒದ್ದ. ಹತ್ತಿಕೊಂಡಿತು.

"ನಿಮ್ಮ ಕಣಜಕ್ಕೆ ಒಳ್ಳೇದಾಗಲಿ, ತಾಯಿ," ಎಂದು ಹೇಳಿ ಅವನು ಮರಳುಗಾಡಿನ ದಾರಿ ಹಿಡಿದ.

ಧೂಳು ಇಳಿಯುವ ತನಕ ತೆನೆಂಬಾ ನಿಂತೇ ಇದ್ದಳು. ಆಮೇಲೆ ಕಣಜದ ಬಾಗಿಲು ತೆಗೆದಳು. ಸುಂಗಾಲೊ ತಲೆತುಂಬ ಸಜ್ಜೆಯ ಹೊಟ್ಟು ಮೆತ್ತಿಕೊಂಡು, ಬೆನ್ನು ಹಿಡಿದುಕೊಂಡು ಹೊರಗೆ ತೆವಳಿದ. ಒಳಗೆ ಕೂತು ಸೊಂಟ ಹೋಯಿತು, ನಿನಗೆ ಬೇರೆ ಜಾಗ ಸಿಗಲಿಲ್ಲವಾ ಎಂದು ಶುರುಮಾಡಿದ. ತೆನೆಂಬಾ ಅವನನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಕುಡಿಕೆಯಿಂದ ಬೆಣ್ಣೆ ತೆಗೆದು ಅಂಗೈಯಲ್ಲಿ ಕರಗಿಸತೊಡಗಿದಳು. ಹಮ್ಮದಿ ಬಂದು, ಬಿಸಿಲು ಬೀಳುತ್ತಿದ್ದ ಚಾಪೆಯ ತುದಿ ಹಿಡಿದು, ಇಬ್ಬರನ್ನೂ ನೆರಳಿಗೆ ಎಳೆದ.